ಹದಿನಾಲ್ಕು ಮೆಟ್ಟಿಲಿನ ಬಸ್ಸು

ನಮ್ಮ ಸೋದರಮಾವ ಸಿಟಿ ಬಸ್ಸಿನ ಕಂಡಕ್ಟರ್ ಕೆಲಸದಿಂದ ನಿವೃತ್ತರಾಗಿ ಆರು ವರ್ಷವಾಯಿತು. ಈ ಸುದ್ದಿ ಇಡೀ ಮಾರೇನಹಳ್ಳಿಗೆ ಗೊತ್ತು. ಅವರೊಬ್ಬರಿಗೆ ಮಾತ್ರ ಇನ್ನೂ ತಲುಪಿಲ್ಲ!

ನಂಬಿಕೆ ಬರದಿದ್ದರೆ ಅವರನ್ನು ಒಂದು ಮದುವೆಗೆ ಕರೆದು ನೋಡಿ. ಅಕ್ಷತೆ ಹಾಕಿದ್ದೇ ತಡ, ಊಟದ ಮನೆಯ ಬಾಗಿಲಲ್ಲಿ ಹೋಗಿ ನಿಲ್ಲುತ್ತಾರೆ. "ಒಳಗೆ ಹೋಗಿ, ಒಳಗೆ ಹೋಗಿ, ಮಧ್ಯ ಖಾಲಿ ಇದೆ" ಎಂದು ಜನರನ್ನು ತಳ್ಳುತ್ತಾರೆ. ನಮ್ಮ ಚಿಕ್ಕಮ್ಮನ ಮಗನ ಆರತಕ್ಷತೆಯಲ್ಲಿ ಮನೆಯವರೆಲ್ಲ ಫೋಟೋಗೆಂದು ವೇದಿಕೆ ಹತ್ತಿದ್ದೆವು. ಜನ ಜಾಸ್ತಿ, ವೇದಿಕೆ ಚಿಕ್ಕದು. ಫೋಟೋದವನು ಪಾಪ, "ಸ್ವಲ್ಪ ಸೇರ್ಕೊಳಿ" ಎಂದ, ಅಷ್ಟೇ. ಮಾವ ಪೂರ್ತಿ ಜವಾಬ್ದಾರಿ ವಹಿಸಿಕೊಂಡುಬಿಟ್ಟರು. "ಹಿಂದೆ ಹೋಗಿ ಸಾರ್, ಹಿಂದೆ ಜಾಗ ಇದೆ. ಆಂಟಿ, ಬ್ಯಾಗ್ ತೊಡೆ ಮೇಲಿಟ್ಕೊಳಿ. ಏಯ್, ದಾರಿಗಡ್ಡ ನಿಲ್ಬೇಡ ಕಣೋ." ಐದು ನಿಮಿಷದಲ್ಲಿ ಎಲ್ಲರೂ ಚೆನ್ನಾಗಿ ಹಿಡಿಸಿದೆವು. ಆಲ್ಬಮ್ ಬಂದಾಗ ನೋಡಿದರೆ ಅದರಲ್ಲಿ ಮದುಮಗನೇ ಇಲ್ಲ. ದಾರಿಗಡ್ಡ ನಿಂತಿದ್ದಾನೆಂದು ಮಾವ ಅವನನ್ನೇ ಪರದೆಯ ಹಿಂದೆ ಕಳಿಸಿದ್ದರು.

ಮೆಟ್ರೋ ಎಂದರೆ ಅವರಿಗೆ ಆಗದು. ಅದರಲ್ಲಿ ಕಂಡಕ್ಟರ್ ಇಲ್ಲವಲ್ಲ! "ಇಷ್ಟೊಂದು ಜನಾನ ಯಾರ ಕೈಗೂ ಒಪ್ಪಿಸ್ದೆ ಹಂಗೇ ಕಳಿಸ್ಬಿಡ್ತಾರಲ್ಲ ಕಣೇ" ಎಂದು ಅವರ ಸಂಕಟ. ಒಮ್ಮೆ ಹೊಸಹಳ್ಳಿಯಲ್ಲಿ ನನ್ನ ಜೊತೆ ಹತ್ತಿದರು. ಸೀಟು ಖಾಲಿಯಿದ್ದರೂ ಕೂರಲಿಲ್ಲ, ಕೂತರೆ ಕಾಲು ನೋಯುತ್ತದಂತೆ. ಮುಂದಿನ ನಿಲ್ದಾಣದಲ್ಲಿ ಜನ ತುಂಬಿದರು. ಕಿವಿಗೆ ವೈರು ಸಿಕ್ಕಿಸಿಕೊಂಡು ಕೂತಿದ್ದ ಹುಡುಗನೊಬ್ಬನ ಹೆಗಲು ತಟ್ಟಿದರು.

"ಎಲ್ಲಿ ಇಳಿಯೋದು ಗುರು?"

"ಕೆಂಗೇರಿ ಅಂಕಲ್."

"ಇನ್ನೂ ದೂರ ಇದೆ. ಎದ್ದೇಳಿ, ಎರಡು ಸ್ಟಾಪು ಈ ಅಮ್ಮ ಕೂತ್ಕೊಳ್ಲಿ. ಆಮೇಲೆ ನೀವೇ ಕೂತ್ಕೊಳಿ, ನಾನು ಜಾಗ ಹಿಡಿದಿರ್ತೀನಿ."

ಹುಡುಗ ಎದ್ದೇಬಿಟ್ಟ. ಆ ಅಮ್ಮನಿಗೆ ಕೂರುವ ಆಸೆಯೇನೂ ಇದ್ದಂತಿರಲಿಲ್ಲ, ಹೆದರಿ ಕೂತರು. ನಾವು ಇಳಿಯುವಷ್ಟರಲ್ಲಿ ಅರ್ಧ ಬೋಗಿಯ ಜನ ಸೀಟು ಬದಲಾಯಿಸಿಕೊಂಡಿದ್ದರು. ಆಶ್ಚರ್ಯವೆಂದರೆ ಯಾರೂ ಬೈಯಲಿಲ್ಲ. ಎಲ್ಲರೂ ಫೋನಿನಿಂದ ತಲೆಯೆತ್ತಿ ಒಬ್ಬರೊಬ್ಬರ ಮುಖ ನೋಡಿ ನಗುತ್ತಿದ್ದರು.

ಇಂಥ ಮನುಷ್ಯನನ್ನು ಮನೆಯಲ್ಲಿ ಸುಮ್ಮನೆ ಕೂರಿಸಲು ಸಾಧ್ಯವೇ? ಒಂದು ಬೇಸಿಗೆ ರಜದಲ್ಲಿ ಬೀದಿಯ ಮಕ್ಕಳೆಲ್ಲ ಅವರ ಗೇಟಿನ ಮುಂದೆ ಒಂದು ಸೈಕಲ್ಲಿಗಾಗಿ ಕಿತ್ತಾಡುತ್ತಿದ್ದವು. ಮಾವ ಒಳಗೆ ಹೋದರು, ಬೀರುವಿನ ಮೇಲಿದ್ದ ಚರ್ಮದ ಬ್ಯಾಗು ಇಳಿಸಿದರು, ಧೂಳು ಒರೆಸಿ ಹೆಗಲಿಗೆ ಹಾಕಿಕೊಂಡರು, ಹೊರಗೆ ಬಂದು ಸೀಟಿ ಊದಿದರು. "ಕೆಂಗೇರಿ, ವಿಜಯನಗರ, ಹೆಗ್ಗನಹಳ್ಳಿ! ಹತ್ತೋರು ಹತ್ಕೊಳಿ!" ಕೆಂಗೇರಿಯಿಂದ ಹೆಗ್ಗನಹಳ್ಳಿಗೆ ಅಂಥದ್ದೊಂದು ಬಸ್ಸು ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಅವರ ಮನೆಯ ಹೊರಗೆ ತಾರಸಿಗೆ ಹತ್ತುವ ಹದಿನಾಲ್ಕು ಮೆಟ್ಟಿಲುಗಳಿವೆ. ಅಂದಿನಿಂದ ಅದೇ ಬಸ್ಸು.

ಒಂದೊಂದು ಮೆಟ್ಟಿಲಿಗೆ ಇಬ್ಬರು ಪ್ರಯಾಣಿಕರು. ಮೇಲಿನ ಮೆಟ್ಟಿಲಲ್ಲಿ ಡ್ರೈವರ್, ಅವನ ಕೈಯಲ್ಲಿ ಅತ್ತೆಯ ಕುಕ್ಕರಿನ ಮುಚ್ಚಳವೇ ಸ್ಟೇರಿಂಗ್. ಮುಚ್ಚಳ ಡ್ಯೂಟಿ ಮುಗಿಸಿ ಬರುವವರೆಗೆ ಆ ಮನೆಯಲ್ಲಿ ಬೇಳೆ ಬೇಯುವುದಿಲ್ಲ. ಟಿಕೆಟ್ಟು ಯಾವುದು ಗೊತ್ತೇ? ಗೋಡೆಯ ಮೇಲಿನ ದಿನಕ್ಕೊಂದು ಹಾಳೆಯ ಕ್ಯಾಲೆಂಡರು! ದಿನಕ್ಕೆ ಹತ್ತು ಹನ್ನೆರಡು ಹಾಳೆ ಹರಿದು ಹಂಚಿ, ಆ ಮನೆಯಲ್ಲಿ ಮೇ ತಿಂಗಳಲ್ಲೇ ದೀಪಾವಳಿ ಮುಗಿದುಹೋಯಿತು. ಅತ್ತೆ ಪಾಪ ಗೋಡೆ ನೋಡಿ ಒಂದು ದಿನ ಏಕಾದಶಿಯೆಂದು ಉಪವಾಸ ಕೂತರು. ಸಂಜೆ ಪಕ್ಕದ ಮನೆಯವರು ಬಂದು ಇವತ್ತು ಚೌತಿ ಎಂದು ಹೇಳುವವರೆಗೆ ಹನಿ ನೀರು ಮುಟ್ಟಿರಲಿಲ್ಲ.

ಈ ಬಸ್ಸು ಹತ್ತುವುದು ಸುಲಭವಲ್ಲ. ಕಂಡಕ್ಟರ್ ಪ್ರತಿಯೊಬ್ಬರಿಗೂ ಮೂರು ಪ್ರಶ್ನೆ ಕೇಳುತ್ತಾರೆ. ಯಾರು ನೀವು? ಎಲ್ಲಿಗೆ? ಯಾಕೆ? "ನಾನು ನಾನೇ" ಎಂದರೆ ಟಿಕೆಟ್ಟಿಲ್ಲ. ಶಾವಿಗೆ ಮಾರುವ ಅಜ್ಜಿಯಾಗಬಹುದು, ಹೆರಿಗೆ ಮಾಡಿಸಲು ಓಡುತ್ತಿರುವ ಡಾಕ್ಟರಾಗಬಹುದು, ಮೊದಲ ದಿನ ಆಫೀಸಿಗೆ ಹೊರಟು ತಡವಾದವನಾಗಬಹುದು. ಇವೆಲ್ಲ ಬೇಡ, ತಾನು ಡೈನೋಸಾರೇ ಎಂದು ಒಬ್ಬ ಹಟ ಹಿಡಿದ. ಮಾವ ಹುಬ್ಬು ಕೂಡ ಏರಿಸಲಿಲ್ಲ.

"ಬನ್ನಿ ಸಾರ್. ಬಾಲ ಒಳಗೆ ಎಳ್ಕೊಳಿ, ಬಾಗಿಲು ಹಾಕ್ಬೇಕು. ಎಲ್ಲಿಗೆ?"

"ಹೆಗ್ಗನಹಳ್ಳಿ."

"ಯಾಕೆ?"

"ಜನಾನ ತಿನ್ನೋಕೆ."

"ಆಗ್ಲಿ. ಬಸ್ಸೊಳಗೆ ತಿನ್ನೋ ಹಾಗಿಲ್ಲ, ಇಳಿದ್ಮೇಲೆ ತಿನ್ಕೊಳಿ. ಪಕ್ಕದಲ್ಲಿ ಅಜ್ಜಿ ಕೂತಿದಾರೆ, ಕೂರ್ಲಾ ಅಂತ ಕೇಳಿ ಕೂತ್ಕೊಳಿ."

ಡೈನೋಸಾರು ಅಜ್ಜಿಯ ಅಪ್ಪಣೆ ಕೇಳಿತು. ಐದು ವರ್ಷದ ಅಜ್ಜಿ ಸ್ವಲ್ಪ ಯೋಚಿಸಿ, ಉಗುರು ತೋರಿಸು ಎಂದು ಪರೀಕ್ಷೆ ಮಾಡಿ, ನಂತರ ಜಾಗ ಕೊಟ್ಟಳು.

ಇನ್ನೊಂದು ನಿಯಮವಿತ್ತು. ಈ ಟ್ರಿಪ್ಪಿನಲ್ಲಿ ಯಾರನ್ನು ಗೋಳುಹೊಯ್ದುಕೊಂಡಿರೋ, ಮುಂದಿನ ಟ್ರಿಪ್ಪಿನಲ್ಲಿ ಅವರೇ ನೀವಾಗಬೇಕು. ಒಬ್ಬ ದಾಂಡಿಗ ಬಸುರಿ ಹೆಂಗಸಾಗಿದ್ದ ಹುಡುಗಿಯನ್ನು ಎಬ್ಬಿಸಿ ಸೀಟು ಕಿತ್ತುಕೊಂಡ. ಮುಂದಿನ ಟ್ರಿಪ್ಪಿಗೆ ಅವನ ಅಂಗಿಯೊಳಗೆ ದಿಂಬು ತುರುಕಲಾಯಿತು. ಯಾರೂ ಸೀಟು ಕೊಡಲಿಲ್ಲ. ಕೆಂಗೇರಿಯಿಂದ ನಿಂತವನು ವಿಜಯನಗರಕ್ಕೆ ಬರುವಷ್ಟರಲ್ಲಿ ದಿಂಬು ತಬ್ಬಿಕೊಂಡು ನಿಜವಾಗಿ ಅತ್ತ. "ನನಗೆ ಬೇಡ, ನನ್ ಮಗೂಗಾದ್ರೂ ಸೀಟ್ ಕೊಡ್ರೋ" ಎಂದ. ಆಮೇಲೆ ಅವನ ತಾಯಿ ಬಂದು ಹೇಳಿದರು: ಈಗ ತಾವು ಆಫೀಸಿನಿಂದ ಬಂದರೆ ಮಗ ಟಿವಿ ಮುಂದಿನಿಂದ ಎದ್ದು ನಿಲ್ಲುತ್ತಾನಂತೆ. ಅಪ್ಪ ಕೂರಲು ಹೋದರೆ "ಇದು ಲೇಡೀಸ್ ಸೀಟು" ಎನ್ನುತ್ತಾನಂತೆ. ಆ ಮನೆಯ ಯಜಮಾನರು ಈಗಲೂ ನೆಲದ ಮೇಲೆ ಕೂತು ಟಿವಿ ನೋಡುತ್ತಾರೆ.

ಎದುರಿನ ಅಪಾರ್ಟ್‌ಮೆಂಟಿನ ಒಬ್ಬ ತಾಯಿ ಮಕ್ಕಳ ಬೆಳವಣಿಗೆಯ ಶಿಬಿರಗಳಿಗೆಲ್ಲ ಹೋಗಿ ಬಂದವರು. ಅವರು ಮಾವನನ್ನು ಗೌರವದಿಂದ ಕೇಳಿದರು. "ಅಂಕಲ್, ನಿಮ್ ಮೆಥಡ್‌ನಲ್ಲಿ ಕ್ರಿಯೇಟಿವಿಟಿ ಮೊದ್ಲಾ, ಎಮೋಷನಲ್ ಇಂಟೆಲಿಜೆನ್ಸ್ ಮೊದ್ಲಾ?"

ಮಾವ ಬ್ಯಾಗಿನ ಪಟ್ಟಿ ಸರಿಮಾಡಿಕೊಂಡರು. "ಅವೆರಡೂ ನಮ್ ಡಿಪೋದಲ್ಲಿ ಇರ್ಲಿಲ್ಲ ಕಣಮ್ಮ. ಸೀಟಿಂಗ್ ಇತ್ತು, ಸ್ಟ್ಯಾಂಡಿಂಗ್ ಇತ್ತು" ಎಂದರು.

ಇಷ್ಟು ದಿನ ನಾನು ಇದನ್ನೆಲ್ಲ ನೋಡಿ ನಕ್ಕವಳು. ಗೆಳತಿಯರಿಗೆ ಬಣ್ಣ ಕಟ್ಟಿ ಹೇಳಿ ಅವರನ್ನೂ ನಗಿಸಿದವಳು. ಆದರೆ ಒಂದು ದಿನ ನಾನೇ ನನ್ನ ಮಗಳ ಕೈ ಹಿಡಿದು ಆ ಗೇಟಿನ ಮುಂದೆ ನಿಲ್ಲಬೇಕಾಯಿತು.

ನನ್ನ ಮಗಳಿಗೆ ಆಗ ನಾಲ್ಕೂವರೆ ವರ್ಷ. ಮನೆಯೊಳಗೆ ಅವಳ ಬಾಯಿಗೆ ಬಿಡುವಿಲ್ಲ. ಬಾಗಿಲು ದಾಟಿದಳೋ, ಮುಗಿಯಿತು. ಲಿಫ್ಟಿನಲ್ಲಿ ಸಿಕ್ಕವರಿಗೆ, ಅಂಗಡಿಯವರಿಗೆ, ಶಾಲೆಯಲ್ಲಿ ಟೀಚರಿಗೆ, ಪಕ್ಕದಲ್ಲಿ ಕೂರುವ ಮಗುವಿಗೆ, ಯಾರಿಗೂ ಒಂದಕ್ಷರವಿಲ್ಲ. ಡಾಕ್ಟರಿಗೆ ತೋರಿಸಿದ್ದೆವು. ಕಿವಿ ಸರಿಯಿದೆ, ನಾಲಗೆ ಸರಿಯಿದೆ, ಅವಸರ ಮಾಡಬೇಡಿ ಎಂದಿದ್ದರು. ಶಾಲೆಗೆ ಅವಸರವಿತ್ತು. "ಯಾರ ಜೊತೇನೂ ಬೆರೆಯಲ್ಲ ಮೇಡಂ. ಮಾರ್ಚ್‌ವರೆಗೂ ಹೀಗೇ ಇದ್ರೆ ಯುಕೆಜಿಗೆ ಕಳಿಸೋದು ಕಷ್ಟ" ಎಂದು ಟೀಚರು ಮೆಲ್ಲಗೆ ಹೇಳಿದ್ದರು. ನಾನೋ, ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು. ಗಂಟೆಗಟ್ಟಲೆ ಮಾತಾಡಿ ಸಂಬಳ ತರುವವಳ ಹೊಟ್ಟೆಯಲ್ಲಿ ಇಂಥ ಮಗು! "ಆಂಟಿಗೆ ಹಾಯ್ ಹೇಳು ಪುಟ್ಟಿ, ಹೆಸರು ಹೇಳು ಪುಟ್ಟಿ" ಎಂದು ಅವಳ ಬೆನ್ನು ತಿವಿದು ತಿವಿದು ನನ್ನ ಬೆರಳೇ ಸವೆದಿತ್ತು. ಅವಳಿಗೆ ಒಬ್ಬರೂ ಸ್ನೇಹಿತರಿರಲಿಲ್ಲ. ರಾತ್ರಿ ಅವಳು ಮಲಗಿದ ಮೇಲೆ ಅದನ್ನೇ ನೆನೆದು ನಾನು ಎದ್ದು ಕೂತಿರುತ್ತಿದ್ದೆ.

ಮೊದಲ ದಿನ ಮಾವ ಅವಳ ಮುಂದೆ ಬಂದು ನಿಂತರು. "ಯಾರಮ್ಮ ನೀವು?"

ಎಲ್ಲ ಮೆಟ್ಟಿಲುಗಳಿಂದ ಮಕ್ಕಳು ತಿರುಗಿ ನೋಡಿದವು. ಮಗಳ ತುಟಿ ಬಿಗಿಯಿತು. ನಾನು ಗೇಟಿನ ಹತ್ತಿರದಿಂದ ಶುರುಮಾಡಿದೆ. "ಹೇಳು ಪುಟ್ಟಿ, ಟೀಚರ್ ಅಂತ ಹೇಳು. ಟೀ ಅನ್ನು..."

ಮಾವ ನನ್ನ ಕಡೆ ತಿರುಗಿ ಪೀ ಎಂದು ಸೀಟಿ ಊದಿದರು. "ಫುಟ್‌ಬೋರ್ಡ್ ಮೇಲೆ ನಿಲ್ಬಾರ್ದು. ಇಳೀರಿ."

ನಾನು ಗೇಟಿನಾಚೆ ಇಳಿದೆ. ಮಾವ ಮತ್ತೆ ಅವಳ ಮುಖವನ್ನೇ ನೋಡಿದರು. ಏನೋ ಹೊಳೆದವರಂತೆ ಹಣೆ ಬಡಿದುಕೊಂಡರು. "ಓ, ಪಾಸಾ? ಮೊದ್ಲೇ ಗೊತ್ತಾಗ್ಲಿಲ್ಲ ನೋಡಿ. ಕೂತ್ಕೊಳಿ, ಕೂತ್ಕೊಳಿ." ಬ್ಯಾಗಿನಿಂದ ಹಳೆಯ ಲಗ್ನಪತ್ರಿಕೆಯ ದಪ್ಪ ತುಂಡೊಂದನ್ನು ತೆಗೆದು, ಅದರ ಹಿಂದೆ ಅವಳ ಹೆಸರು ಬರೆದು ಕೈಗಿತ್ತರು. ನಂತರ ಇಡೀ ಬಸ್ಸಿಗೆ ಕೇಳುವ ಹಾಗೆ ಘೋಷಿಸಿದರು. "ಪಾಸಿನೋರನ್ನ ಯಾರೂ ಏನೂ ಕೇಳೋ ಹಾಗಿಲ್ಲ. ಎಲ್ಲಿ ಬೇಕಾದ್ರೂ ಹತ್ತಬಹುದು, ಎಲ್ಲಿ ಬೇಕಾದ್ರೂ ಇಳೀಬಹುದು."

ಮಗಳು ಐದನೇ ಮೆಟ್ಟಿಲಲ್ಲಿ ಕಂಬಿಯ ಪಕ್ಕ ಕೂತಳು. ಬೆರಳು ಬಾಯಿಗೆ ಹೋಗಲಿಲ್ಲ, ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅವಳಿಗೆ ಅಷ್ಟು ಮರ್ಯಾದೆ ಸಿಕ್ಕಿದ್ದನ್ನು ನೋಡಿ ಉಳಿದ ಮಕ್ಕಳಿಗೆ ತಡೆಯಲಾಗಲಿಲ್ಲ. ಎಲ್ಲರಿಗೂ ಪಾಸು ಬೇಕಂತೆ! ಪಾಸಿಗೆ ಮೂರು ದಿನ ಬಾಯಿ ಮುಚ್ಚಿಕೊಂಡಿರಬೇಕು ಎಂದು ಮಾವ ಕಾನೂನು ಹೇಳಿದರು. ಅರಳು ಹುರಿದ ಹಾಗೆ ಮಾತಾಡುವ ಒಬ್ಬಳು ಪಣ ತೊಟ್ಟು ಕೂತಳು. ಎಣಿಸಿ ಎರಡು ನಿಮಿಷವಾಗಿರಬಹುದು. "ತಾತ, ನಾನು ಸುಮ್ನೆ ಇದೀನಿ ಅಲ್ವಾ?" ಎಂದು ಕೇಳಿ ಪಾಸು ಕಳೆದುಕೊಂಡಳು.

ಜುಲೈ ಹೋಯಿತು, ಆಗಸ್ಟ್ ಹೋಯಿತು. ಮಗಳು ದಿನವೂ ಪಾಸು ತೋರಿಸುವುದು, ಕೂರುವುದು, ಹೆಗ್ಗನಹಳ್ಳಿಯಲ್ಲಿ ಇಳಿಯುವುದು. ಮಾತು ಮಾತ್ರ ಇಲ್ಲ. ನನಗೆ ರೇಗಿತು.

"ಮಾವ, ಪಾಸು ಕೊಟ್ಟು ನೀವೇ ಅವಳನ್ನ ಮೂಗಿ ಮಾಡ್ತಾ ಇದೀರಿ. ಬಾಯಿ ಬಿಡ್ಸೋದು ಬಿಟ್ಟು..."

"ಅವಳಿಗೇನ್ ಕಮ್ಮಿ ಆಗಿದೆ? ಮೂವತ್ತು ವರ್ಷ ಬಸ್ಸಲ್ಲಿ ನೋಡಿದೀನಿ ಕಣೇ. ಹರಟೆ ಹೊಡಿಯೋನು ತನ್ ಸ್ಟಾಪೇ ಮರೀತಾನೆ. ಸುಮ್ನೆ ಕೂತೋರಿಗೆ ಯಾರ್ ಯಾರು ಎಲ್ಲೆಲ್ಲಿ ಇಳೀತಾರೆ ಅಂತ ಗೊತ್ತಿರುತ್ತೆ."

ಇದೆಂಥ ಸಮಾಧಾನ ಎಂದು ಗೊಣಗುತ್ತಾ ಬಂದೆ. ಆದರೆ ಆ ಸಂಜೆ ಮಗಳು ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಸಾಲಾಗಿ ಕೂರಿಸಿ ಬಸ್ಸು ಆಡುತ್ತಿದ್ದಳು. ಬಾಗಿಲ ಮರೆಯಲ್ಲಿ ನಿಂತು ಕೇಳಿದೆ. ಹಸಿರು ಕ್ಲಿಪ್ಪಿಗೆ ಇವತ್ತು ಸಿಟ್ಟು ಬಂದಿದೆ, ಅವನ ಅಣ್ಣ ಹೊಡೆದಿದ್ದಾನೆ. ಕೆಂಪು ಕ್ಲಿಪ್ಪು ಸುಳ್ಳು ಸುಳ್ಳೇ ನಗುತ್ತಾಳೆ, ಅವಳನ್ನು ಯಾರೂ ಡ್ರೈವರ್ ಮಾಡುವುದಿಲ್ಲ. ಡೈನೋಸಾರಿಗೆ ಕತ್ತಲೆಂದರೆ ಭಯ. ಆ ಬಸ್ಸಿನಲ್ಲಿ ಯಾರ ಹೊಟ್ಟೆಯಲ್ಲಿ ಏನಿದೆ ಎಂಬುದೆಲ್ಲ ಅವಳಿಗೆ ಗೊತ್ತಿತ್ತು. ಹಾಗಾದರೆ ಇವಳು ಬೆರೆತಿಲ್ಲ ಎಂದವರು ಯಾರು? ಹಾಗೆಂದುಕೊಂಡೆ, ಧೈರ್ಯ ಮಾತ್ರ ಬರಲಿಲ್ಲ. ಕ್ಲಿಪ್ಪುಗಳ ಜೊತೆ ಮಾತಾಡಿದರೆ ಯುಕೆಜಿಗೆ ಸೇರಿಸಿಕೊಳ್ಳುತ್ತಾರೆಯೇ?

ನವೆಂಬರಿನಲ್ಲಿ ಮಾವನ ಪಕ್ಕದ ಮನೆಯ ಕೆಳಗಿನ ಕೋಣೆಗೆ ಕಲಬುರಗಿ ಕಡೆಯ ಒಂದು ಸಂಸಾರ ಬಂತು. ಅಪ್ಪನದು ಬೈಕಿನಲ್ಲಿ ಊಟದ ಪಾರ್ಸೆಲ್ ತಲುಪಿಸುವ ಕೆಲಸ, ಅಮ್ಮ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಅವರ ನಾಲ್ಕು ವರ್ಷದ ಮಗನನ್ನು ಒಂದು ಶನಿವಾರ ಸಂಜೆ ಅವನಮ್ಮ ಮೆಟ್ಟಿಲ ಮೇಲೆ ಕೂರಿಸಿ, ಈಗ ಬರುತ್ತೇನೆಂದು ಅಂಗಡಿಗೆ ಹೋದಳು. ಅಂದು ಬಸ್ಸು ಕಿಕ್ಕಿರಿದಿತ್ತು. ಡ್ರೈವರ್ ಬಾಯಲ್ಲೇ ಹಾರ್ನ್ ಬಾರಿಸುತ್ತಿದ್ದ, ಡೈನೋಸಾರು ಯಾರನ್ನೋ ಬಸ್ಸಿನೊಳಗೇ ತಿಂದುಬಿಟ್ಟಿತ್ತು, ಮಾವ ಆ ಪಂಚಾಯ್ತಿಯಲ್ಲಿ ಮುಳುಗಿದ್ದರು. ನಾನು ಗೇಟಿನಲ್ಲಿ ಫೋನು ನೋಡುತ್ತಿದ್ದೆ.

ಆಗ ಕೇಳಿಸಿತು.

"ಹೋಲ್ಡಾನ್!"

ನಮ್ಮೂರಿನ ಬಸ್ಸುಗಳಲ್ಲಿ ಗಾಡಿ ಹೊರಡಲು ರೈಟ್ ರೈಟ್, ನಿಲ್ಲಿಸಲು ಹೋಲ್ಡಾನ್. ಅದನ್ನು ಕಂಡಕ್ಟರ್ ಒಬ್ಬರೇ ಕೂಗಬೇಕು. ಡ್ರೈವರ್ ಕುಕ್ಕರಿನ ಮುಚ್ಚಳ ಗಕ್ಕನೆ ತಿರುಗಿಸಿ ಬ್ರೇಕು ಹಾಕಿದ. ಇಡೀ ಬಸ್ಸು ಸ್ತಬ್ಧವಾಯಿತು. ಐದನೇ ಮೆಟ್ಟಿಲಲ್ಲಿ ನನ್ನ ಮಗಳು ಎದ್ದು ನಿಂತಿದ್ದಳು.

"ಹೋಲ್ಡಾನ್ ಅಂದಿದ್ದು ಯಾರಮ್ಮ?" ಮಾವ ಕೇಳಿದರು.

"ನಾನು. ಇವನು ಇಳೀಬೇಕಂತೆ. ಆವಾಗ್ಲಿಂದ ಹೇಳ್ತಾನೇ ಇದಾನೆ. ಯಾರೂ ಕೇಳಿಸ್ಕೊತಾ ಇಲ್ಲ."

ಪಕ್ಕದಲ್ಲಿ ಆ ಪುಟ್ಟ ಹುಡುಗ ಕಣ್ಣಲ್ಲಿ ನೀರು ತುಂಬಿಕೊಂಡು, "ಅವ್ವನ ಕಡಿ ಹೋಗ್ತೀನ್ರಿ, ನಾ ಒಲ್ಲೆ" ಎನ್ನುತ್ತಿದ್ದ. ಎಷ್ಟು ಮೆಲ್ಲಗೆಂದರೆ, ಸುಮ್ಮನೆ ಕೂತವರಿಗೆ ಮಾತ್ರ ಕೇಳಿಸುವಷ್ಟು. ಮಾವ ಮೆಟ್ಟಿಲಿಳಿದು ಬಂದು ಅವನ ಮುಂದೆ ಮಂಡಿಯೂರಿದರು. "ತಪ್ಪಾಯ್ತಪ್ಪ. ನಿಮ್ ಸ್ಟಾಪು ನಾನ್ ನೋಡ್ಲಿಲ್ಲ" ಎಂದರು. ಮಗಳು ಹುಡುಗನ ಕೈ ಹಿಡಿದುಕೊಂಡಳು. "ದಾರಿ ಬಿಡಿ, ದಾರಿ ಬಿಡಿ" ಎನ್ನುತ್ತಾ ಕೆಳಗಿಳಿಸಿ, ಅವನಮ್ಮ ಬರುವವರೆಗೆ ಅವನ ಜೊತೆ ಗೇಟಿನಲ್ಲೇ ನಿಂತಳು. ಏನೇನೋ ಮಾತಾಡುತ್ತಿದ್ದರು. ಅವನ ಕನ್ನಡ ಒಂದು, ಇವಳದು ಒಂದು, ಇಬ್ಬರಿಗೂ ತೊಂದರೆಯಾದಂತೆ ಕಾಣಲಿಲ್ಲ.

ಮತ್ತೆ ನಾನು? ನಾನು ಓಡಿಹೋಗಿ ಅವಳ ಭುಜ ಹಿಡಿದೆ. ಫೋನು ಅವಳ ಮುಖಕ್ಕೆ ಹಿಡಿದೆ. "ಪುಟ್ಟಿ, ಇನ್ನೊಂದ್ ಸಲ ಹೇಳು, ಅಪ್ಪಂಗೆ ಕಳಿಸೋಣ, ನಿಮ್ ಟೀಚರಿಗೆ ಕಳಿಸೋಣ, ಜೋರಾಗಿ ಹೇಳು." ಅವಳ ತುಟಿ ಮತ್ತೆ ಬಿಗಿದುಕೊಂಡಿತು.

ಮಾವ ನನ್ನನ್ನು ಹುಟ್ಟಿದಾಗಿನಿಂದ ಎತ್ತಿ ಆಡಿಸಿದವರು, ಒಮ್ಮೆಯೂ ಗದರಿದವರಲ್ಲ. ಅಂದು ಗದರಿದರು.

"ಫೋನ್ ಒಳಗಿಡೇ. ಅವಳು ನಿನಗೋಸ್ಕರ ಮಾತಾಡಿದ್ದಲ್ಲ. ಅವನಿಗೆ ಇಳೀಬೇಕಿತ್ತು, ಅದಕ್ಕೆ ಮಾತಾಡಿದ್ಲು."

ಬ್ಯಾಗಿನಲ್ಲಿ ಏನೋ ಹುಡುಕುವವರಂತೆ ತಲೆ ತಗ್ಗಿಸಿ ಒಳಗೆ ಹೋದರು. ನನಗೆ ಅವಮಾನವಾಯಿತು, ಸಿಟ್ಟೂ ಬಂತು. ಮನೆಗೆ ನಡೆದು ಬರುವ ದಾರಿಯಲ್ಲಿ ಸಿಟ್ಟು ಇಳಿದು ಅವಮಾನವಷ್ಟೇ ಉಳಿಯಿತು. ಒಂದು ವರ್ಷದಿಂದ ಅವಳ ಬಾಯಿಂದ ಮಾತು ಹೊರಡಿಸಲು ಒದ್ದಾಡಿದ್ದೆ. ಯಾರಿಗಾಗಿ? ಲಿಫ್ಟಿನ ಆಂಟಿಯರ ಮುಂದೆ ನನ್ನ ಮುಖ ಉಳಿಯಲಿ ಎಂದು. ಬರ್ತ್‌ಡೇ ಪಾರ್ಟಿಗಳಲ್ಲಿ ನಾನು ಇವಳ ತಾಯಿ ಎಂದು ಯಾರಿಗೂ ಥಟ್ಟನೆ ತಿಳಿಯದಿರಲಿ ಎಂದು ಸ್ವಲ್ಪ ದೂರ ನಿಂತದ್ದೂ ಇದೆ. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

ಶಾಲೆಯ ಕಥೆಯನ್ನೂ ಹೇಳಿಬಿಡುತ್ತೇನೆ. ಅವಳು ಯುಕೆಜಿಗೆ ಹೋದಳು. ಈಗಲೂ ಬೇಕಾದಷ್ಟೇ ಮಾತು. ಆದರೆ ಹೊಸದಾಗಿ ಸೇರಿ ಅಳುವ ಮಗುವನ್ನು ಟೀಚರು ನೇರವಾಗಿ ಅವಳ ಪಕ್ಕ ಕೂರಿಸುತ್ತಾರಂತೆ. ಹತ್ತು ನಿಮಿಷದಲ್ಲಿ ಅಳು ನಿಲ್ಲುತ್ತದಂತೆ. ಏನು ಮಾಡುತ್ತಾಳೆ ಎಂದು ಕೇಳಿದೆ. "ಏನೂ ಮಾಡಲ್ಲ ಮೇಡಂ. ಪಕ್ಕದಲ್ಲಿ ಕೂತ್ಕೊತಾಳೆ" ಎಂದರು.

ಆ ಶನಿವಾರದ ಮರುದಿನ, ಭಾನುವಾರ, ನಾನು ಗೇಟಿನಲ್ಲಿ ನಿಲ್ಲಲಿಲ್ಲ. ಒಳಗೆ ಹೋಗಿ ಐದನೇ ಮೆಟ್ಟಿಲಲ್ಲಿ ಮಗಳ ಪಕ್ಕ ಕೂತೆ. ಸೀರೆಯುಟ್ಟ ಇಷ್ಟು ದೊಡ್ಡ ಪ್ರಯಾಣಿಕಳನ್ನು ಕಂಡು ಬಸ್ಸಿನಲ್ಲಿ ಗುಸುಗುಸು ಎದ್ದಿತು. ಮಾವ ಬಂದರು. ಮುಖದಲ್ಲಿ ನಿನ್ನೆಯ ಸಿಟ್ಟೂ ಇಲ್ಲ, ಸೋದರಸೊಸೆಯೆಂಬ ಸಲಿಗೆಯೂ ಇಲ್ಲ.

"ಯಾರಮ್ಮ ನೀವು? ಎಲ್ಲಿಗೆ? ಯಾಕೆ?"

ಪೊಲೀಸ್ ಎನ್ನಬಹುದಿತ್ತು, ಹೂ ಮಾರುವವಳು ಎನ್ನಬಹುದಿತ್ತು. ತರಗತಿಯಲ್ಲಿ ನೂರು ಹುಡುಗರೆದುರು ಒಮ್ಮೆಯೂ ತಡವರಿಸಿದವಳಲ್ಲ ನಾನು. ಆದರೆ ಅಷ್ಟು ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು, ಒಂದಕ್ಷರ ಹೊರಡಲಿಲ್ಲ. ಈ ಮಗು ದಿನವೂ ಇದನ್ನೇ ಅನುಭವಿಸುತ್ತಿತ್ತೇ ಎನ್ನಿಸಿ ಮಾತು ಇನ್ನೂ ಒಳಕ್ಕೆ ಹೋಯಿತು.

ಮಗಳು ಒಮ್ಮೆ ನನ್ನ ಮುಖ ನೋಡಿದಳು. ನಂತರ ಮಾವನ ಕಡೆ ತಿರುಗಿದಳು.

"ಕಂಡಕ್ಟರ್, ಇವರು ನಮ್ಮಮ್ಮ. ಈಗ ಏನೂ ಕೇಳ್ಬೇಡಿ. ಇವರಿಗೆ ಮಾತು ಬರೋಕೆ ಸ್ವಲ್ಪ ಹೊತ್ತಾಗುತ್ತೆ."

"ಆಗ್ಲಿ ಮೇಡಂ" ಎಂದು ಮಾವ ಮುಂದಿನ ಮೆಟ್ಟಿಲಿಗೆ ಹೋದರು. ಯಾರೂ ನನ್ನನ್ನು ತಿರುಗಿ ನೋಡಲಿಲ್ಲ. ನಾನು ಅವಳ ಪಕ್ಕದಲ್ಲಿ ಕೂತು, ಬಸ್ಸು ವಿಜಯನಗರ ದಾಟುವವರೆಗೂ ಅಳುತ್ತಿದ್ದೆ.